ಲಿಂಕ್ ಕಳಿಸಿದರೂ ಮಕ್ಕಳಿಗೆ ಫೈಲ್ ತೆರೆಯುತ್ತಿಲ್ಲ, ಏಕೆ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. 2020ರ ಲಾಕ್‌ಡೌನ್ ಕಾಲದಿಂದಲೂ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟಿಪ್ಪಣಿ, ಪ್ರಶ್ನೆಕೋಠಿ, ನಕ್ಷೆಗಳನ್ನು ನನ್ನ ಗೂಗಲ್ ಡ್ರೈವ್‌ಗೆ ಹಾಕಿ, ಲಿಂಕನ್ನು ತರಗತಿಯ ವಾಟ್ಸಾಪ್ ಗ್ರೂಪಿಗೆ ಕಳಿಸುತ್ತಿದ್ದೇನೆ. ಕೆಲವರಿಗೆ ತೆರೆಯುತ್ತದೆ, ಕೆಲವರಿಗೆ ‘ಯು ನೀಡ್ ಆ್ಯಕ್ಸೆಸ್’ ಎಂದು ಬರುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ರಾತ್ರಿ ಅನುಮತಿ ಕೇಳುವ ಮೇಲ್‌ಗಳು ಸಾಲುಗಟ್ಟಿ ಬಂದವು. ಹೆಸರು ನೋಡಿದರೆ ಒಂದೂ ನನ್ನ ಮಕ್ಕಳದ್ದಲ್ಲ. ಕಳೆದ ತಿಂಗಳು ಡ್ರೈವ್‌ನಲ್ಲಿದ್ದುದನ್ನೆಲ್ಲ ಪಾಠವಾರು ಓರಣ ಮಾಡಿಟ್ಟೆ. ಆಮೇಲಂತೂ ತೊಂದರೆ ಇನ್ನೂ ಹೆಚ್ಚಾಯಿತು. ತಿದ್ದಿದ ಟಿಪ್ಪಣಿ ಹಾಕುವಾಗ ಹಳೆಯದನ್ನು ಡಿಲೀಟ್ ಮಾಡುತ್ತೇನೆ. ಹಳೆಯ ಲಿಂಕ್ ಒಂದಷ್ಟು ದಿನ ತೆರೆದು, ತಿಂಗಳಾಗುವಷ್ಟರಲ್ಲಿ ನಿಂತುಹೋಗುತ್ತದೆ. ‘ಗೂಗಲ್ ಲಿಂಕ್‌ಗೆ ಒಂದೇ ತಿಂಗಳ ಆಯಸ್ಸು’ ಎನ್ನುತ್ತಾರೆ ನಮ್ಮ ಶಾಲೆಯವರೊಬ್ಬರು. ಇನ್ನೊಬ್ಬರು, ಎಲ್ಲರಿಗೂ ಓಪನ್ ಬಿಟ್ಟರೆ ಖಾತೆ ಹ್ಯಾಕ್ ಆಗಿ ಬ್ಯಾಂಕಿನ ದುಡ್ಡಿಗೂ ಸಂಚಕಾರ ಎಂದು ಹೆದರಿಸಿದ್ದಾರೆ. ಒಮ್ಮೆ ನನ್ನ ಫೈಲಿನ ಮೇಲ್ತುದಿಯಲ್ಲಿ ‘ಅನಾನಿಮಸ್ ಕ್ಯಾಪಿಬರಾ’ ಎಂಬ ಹೆಸರು ಕಂಡು ಗಾಬರಿಯಾಯಿತು. ಅದೇ ಫೋಲ್ಡರಿನಲ್ಲಿ ಅಂಕಪಟ್ಟಿ, ವಿದ್ಯಾರ್ಥಿವೇತನಕ್ಕೆಂದು ಪಡೆದ ಆಧಾರ್ ಪ್ರತಿಗಳೂ ಇವೆ. ಸ್ಟೋರೇಜ್ ತುಂಬುತ್ತಿದೆ ಎಂಬ ಎಚ್ಚರಿಕೆಯೂ ಬರುತ್ತಿದೆ. ನಿವೃತ್ತರಾದ ಹಿರಿಯ ಶಿಕ್ಷಕರೊಬ್ಬರ ಪ್ರಶ್ನೆಕೋಠಿಯನ್ನು ನನ್ನ ಡ್ರೈವ್‌ಗೆ ಸೇರಿಸಿಕೊಂಡಿದ್ದೆ, ಈಗ ಅದು ತೆರೆಯುತ್ತಲೇ ಇಲ್ಲ. ಎಲ್ಲವನ್ನೂ ಓಪನ್ ಬಿಟ್ಟುಬಿಡಲೇ?

ಉತ್ತರ: ಮೇಡಂ, ಮುಂದೆ ಓದುವ ಮೊದಲು ಒಂದು ಕೆಲಸ ಮುಗಿಸಿಬಿಡಿ. ಆಧಾರ್ ಪ್ರತಿ ಮತ್ತು ಅಂಕಪಟ್ಟಿ ಇರುವ ಫೋಲ್ಡರಿನ ಪಕ್ಕದ ಮೂರು ಚುಕ್ಕಿ ಒತ್ತಿ ‘ಮ್ಯಾನೇಜ್ ಆ್ಯಕ್ಸೆಸ್’ ತೆರೆಯಿರಿ. ಅಲ್ಲಿ ‘ಜನರಲ್ ಆ್ಯಕ್ಸೆಸ್’ ಎಂಬುದರ ಕೆಳಗೆ ‘ಎನಿವನ್ ವಿತ್ ದ ಲಿಂಕ್’ ಎಂದಿದ್ದರೆ, ಲಿಂಕ್ ಕೈಗೆ ಸಿಕ್ಕ ಯಾರು ಬೇಕಾದರೂ ನಿಮ್ಮ ಮಕ್ಕಳ ಆಧಾರ್ ನೋಡಬಹುದು. ಅವನ್ನು ಹೊಸದೊಂದು ಫೋಲ್ಡರಿಗೆ ಸರಿಸಿ, ಆ ಫೋಲ್ಡರ್ ‘ರಿಸ್ಟ್ರಿಕ್ಟೆಡ್’ (ನೀವು ಅನುಮತಿ ಕೊಟ್ಟವರಿಗೆ ಮಾತ್ರ) ಎಂದೇ ಇದೆಯೇ ನೋಡಿ. ಸರಿಸಿದ ಮೇಲೆ ಆ ಫೈಲುಗಳ ‘ಮ್ಯಾನೇಜ್ ಆ್ಯಕ್ಸೆಸ್’ ಅನ್ನೂ ಒಂದೊಂದಾಗಿ ತೆರೆದು ನೋಡಿ. ಹಿಂದೆ ಯಾವಾಗಲಾದರೂ ಬಿಡಿಯಾಗಿ ಓಪನ್ ಮಾಡಿದ್ದರೆ ಫೋಲ್ಡರ್ ಬದಲಾದ ಮಾತ್ರಕ್ಕೆ ಅದು ಮುಚ್ಚಿಕೊಳ್ಳುವುದಿಲ್ಲ.

ಈಗ ನಿಮ್ಮ ಮೂಲ ತೊಂದರೆಗೆ ಬರೋಣ. ಶಾಲೆ, ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ನನಗೆ ವಾರಕ್ಕೊಮ್ಮೆಯಾದರೂ ‘ಲಿಂಕ್ ಕೆಟ್ಟಿದೆ’ ಎಂಬ ಕರೆ ಬರುತ್ತದೆ. ನಿಜವಾಗಿ ಲಿಂಕ್ ಕೆಟ್ಟಿರುವುದು ಅಪರೂಪ. ಮನೆಯ ವಿಳಾಸ ಗೊತ್ತಿದ್ದ ಮಾತ್ರಕ್ಕೆ ಬಾಗಿಲು ತೆರೆದುಕೊಳ್ಳುವುದಿಲ್ಲವಲ್ಲ, ಲಿಂಕ್ ಕೂಡ ಬರೀ ವಿಳಾಸ. ಒಳಗೆ ಬಿಡಬೇಕೋ ಬೇಡವೋ ಎಂಬುದನ್ನು ಫೈಲಿಗೆ ಹಚ್ಚಿದ ಅನುಮತಿ ತೀರ್ಮಾನಿಸುತ್ತದೆ. ಡ್ರೈವ್‌ನಲ್ಲಿ ‘ಕಾಪಿ ಲಿಂಕ್’ ಒತ್ತಿದಾಗ ವಿಳಾಸ ಮಾತ್ರ ನಕಲಾಗುತ್ತದೆ, ಅನುಮತಿ ಇದ್ದಂತೆಯೇ ಇರುತ್ತದೆ. ಹೊಸದಾಗಿ ಅಪ್‌ಲೋಡ್ ಮಾಡಿದ ಫೈಲ್ ಸಾಮಾನ್ಯವಾಗಿ ‘ರಿಸ್ಟ್ರಿಕ್ಟೆಡ್’ ಆಗಿಯೇ ಹುಟ್ಟುತ್ತದೆ. ಜಿಮೇಲ್‌ನಲ್ಲಿ ಇಂಥ ಲಿಂಕ್ ಕಳಿಸಹೊರಟರೆ ‘ಇವರಿಗೆ ಅನುಮತಿ ಇಲ್ಲ, ಕೊಡಲೇ’ ಎಂದು ಅದೇ ಕೇಳುತ್ತದೆ. ವಾಟ್ಸಾಪ್‌ಗೆ ಅದು ತಿಳಿಯುವುದಿಲ್ಲ, ಸುಮ್ಮನೆ ಕಳಿಸಿಬಿಡುತ್ತದೆ. ನಮ್ಮ ಶಾಲೆಗಳಲ್ಲಿ ಎಲ್ಲವೂ ವಾಟ್ಸಾಪ್‌ನಲ್ಲೇ ನಡೆಯುವುದರಿಂದ ಈ ಸಮಸ್ಯೆ ಇಷ್ಟು ಹೆಚ್ಚು.

ಕೆಲವರಿಗೆ ಮಾತ್ರ ತೆರೆಯುವುದಕ್ಕೂ ಇದೇ ಕಾರಣ. ನೀವು ಹಿಂದೆ ಯಾರ ಮನವಿಗೆ ಒಪ್ಪಿಗೆ ಕೊಟ್ಟಿದ್ದೀರೋ ಅವರಿಗೆ ತೆರೆಯುತ್ತದೆ, ಉಳಿದವರಿಗೆ ಇಲ್ಲ. ಅನುಮತಿ ಸಿಗುವುದು ಮಗುವಿಗಲ್ಲ, ಫೋನಿನಲ್ಲಿ ಲಾಗಿನ್ ಆಗಿರುವ ಗೂಗಲ್ ಖಾತೆಗೆ. ಮಕ್ಕಳು ಬಳಸುವುದು ಅಪ್ಪನದೋ ಅಣ್ಣನದೋ ಫೋನು. ಅದರಲ್ಲಿರುವ ಖಾತೆಯನ್ನು ಎಷ್ಟೋ ಸಲ ಮೊಬೈಲ್ ಅಂಗಡಿಯವರೇ ಯಾವುದೋ ಹೆಸರಿನಲ್ಲಿ ಮಾಡಿಕೊಟ್ಟಿರುತ್ತಾರೆ. ಆ ರಾತ್ರಿ ನಿಮಗೆ ಗುರುತಿಲ್ಲದ ಹೆಸರುಗಳು ಬಂದದ್ದು ಹೀಗೆ. ಹಾಗೆಂದು ಬಂದ ಮನವಿಗೆಲ್ಲ ‘ಅಲೋ’ ಒತ್ತುತ್ತ ಕೂರಬೇಡಿ. ಯಾರು ಯಾರೆಂದು ತಿಳಿಯದೆ ಒಪ್ಪಿಗೆ ಕೊಡುವುದು ಒಳ್ಳೆಯ ರೂಢಿಯಲ್ಲ. ಮಕ್ಕಳಿಗೆ ಹಂಚಲೆಂದೇ ಇರುವ ಟಿಪ್ಪಣಿಗೆ ‘ಎನಿವನ್ ವಿತ್ ದ ಲಿಂಕ್’, ಪಕ್ಕದಲ್ಲಿ ‘ವ್ಯೂವರ್’ (ನೋಡಬಹುದು, ತಿದ್ದಲಾಗದು) ಎಂದಿಟ್ಟರೆ ಯಾವ ಖಾತೆಯಿದ್ದರೂ, ಖಾತೆಯೇ ಇಲ್ಲದಿದ್ದರೂ ತೆರೆಯುತ್ತದೆ.

ಓರಣ ಮಾಡಿದ ಮೇಲೆ ತೊಂದರೆ ಹೆಚ್ಚಾಯಿತು ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ದೊಡ್ಡ ಸುಳಿವು ಸಿಕ್ಕಿದ್ದು ಅಲ್ಲಿ. ‘ಹತ್ತನೇ ತರಗತಿ’ ಎಂಬ ಫೋಲ್ಡರನ್ನು ನೀವು ಎಂದೋ ಓಪನ್ ಮಾಡಿದ್ದೀರಿ ಎಂದುಕೊಳ್ಳಿ. ಅದರೊಳಗೆ ‘ಭಾರತದ ಮಣ್ಣುಗಳು’ ಟಿಪ್ಪಣಿ ಇದೆ. ಆ ಟಿಪ್ಪಣಿಗೆ ತನ್ನದೇ ಆದ ಅನುಮತಿ ಇಲ್ಲ, ಫೋಲ್ಡರಿನಿಂದ ಬಂದದ್ದು ಅಷ್ಟೇ. ಅದನ್ನು ನೀವು ‘ಭೂಗೋಳ’ ಎಂಬ ಹೊಸ ಫೋಲ್ಡರಿಗೆ ಎಳೆದು ಹಾಕಿದ ಕೂಡಲೇ ಹಳೆಯ ಫೋಲ್ಡರಿನ ಅನುಮತಿ ಕಳಚಿಕೊಂಡಿತು. ಹೊಸ ಫೋಲ್ಡರ್ ರಿಸ್ಟ್ರಿಕ್ಟೆಡ್ ಆಗಿದ್ದರಿಂದ ಟಿಪ್ಪಣಿಯೂ ಮುಚ್ಚಿಕೊಂಡಿತು. ಲಿಂಕಿನ ಒಂದಕ್ಷರವೂ ಬದಲಾಗಿರುವುದಿಲ್ಲ. ಫೈಲಿನ ಹೆಸರು ಬದಲಿಸಿದರೂ, ಜಾಗ ಬದಲಿಸಿದರೂ ವಿಳಾಸ ಹಾಗೇ ಇರುತ್ತದೆ. ಕಂಪ್ಯೂಟರಿನಲ್ಲಿ ಸರಿಸುವಾಗ, ಯಾರು ನೋಡಬಹುದೆಂಬುದು ಬದಲಾಗುತ್ತದೆ ಎಂದು ಡ್ರೈವ್ ಒಂದು ಎಚ್ಚರಿಕೆ ತೋರಿಸುತ್ತದೆ. ಅದನ್ನು ಓದದೆ ‘ಮೂವ್’ ಒತ್ತುವವರೇ ಹೆಚ್ಚು. ಪರಿಹಾರ ಸುಲಭ, ‘ಭೂಗೋಳ’ ಫೋಲ್ಡರನ್ನೇ ಓಪನ್ ಮಾಡಿ, ಗ್ರೂಪಿನಲ್ಲಿರುವ ಹಳೆಯ ಲಿಂಕುಗಳೆಲ್ಲ ಮತ್ತೆ ತೆರೆಯುತ್ತವೆ.

ಇದರ ತಿರುಗುಮುರುಗು ಇನ್ನೂ ಅಪಾಯದ್ದು. ಓಪನ್ ಇರುವ ಫೋಲ್ಡರಿಗೆ ಅಂಕಪಟ್ಟಿ ಹಾಕಿದರೆ ಅದೂ ಸದ್ದಿಲ್ಲದೆ ಓಪನ್ ಆಗುತ್ತದೆ. ಅದಕ್ಕೇ ಮೊದಲ ಕೆಲಸ ಅದಾಗಲಿ ಎಂದೆ.

ಹಳೆಯ ಲಿಂಕುಗಳಲ್ಲಿ ಇನ್ನೊಂದು ತೊಡಕಿದೆ. ಗೂಗಲ್ 2021ರ ಸೆಪ್ಟೆಂಬರ್ 13ರಿಂದ ಕೆಲವು ಡ್ರೈವ್ ಫೈಲುಗಳ ಲಿಂಕಿಗೆ ಭದ್ರತೆಗಾಗಿ ಹೆಚ್ಚುವರಿ ಕೀಲಿಯೊಂದನ್ನು ಸೇರಿಸಿತು. ಅದಕ್ಕೂ ಮೊದಲು ಆ ಫೈಲ್ ತೆರೆದವರಿಗೆ ಹಳೆಯ ಲಿಂಕೇ ಸಾಕು, ಹೊಸಬರು ಅದನ್ನೇ ಒತ್ತಿದರೆ ಅನುಮತಿ ಕೇಳಬೇಕಾಗುತ್ತದೆ. ನಿಮ್ಮ 2020ರ ಲಿಂಕನ್ನು ಈ ವರ್ಷದ ಮಕ್ಕಳಿಗೆ ಫಾರ್ವರ್ಡ್ ಮಾಡಿದಾಗ ಹೀಗಾಗಿರಬಹುದು. ಅನುಮತಿ ಸರಿಯಾಗಿದ್ದೂ ತೆರೆಯದಿದ್ದರೆ, ಹಳೆಯ ಮೆಸೇಜನ್ನು ಫಾರ್ವರ್ಡ್ ಮಾಡುವ ಬದಲು ಡ್ರೈವ್‌ಗೇ ಹೋಗಿ ಹೊಸದಾಗಿ ಲಿಂಕ್ ಕಾಪಿ ಮಾಡಿ ಕಳಿಸಿ.

ಒಂದು ತಿಂಗಳ ಆಯಸ್ಸಿನ ಮಾತು ಸುಳ್ಳು. ಆದರೆ ಅದು ಎಲ್ಲಿಂದ ಹುಟ್ಟಿತೆಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ನೀವು ಡಿಲೀಟ್ ಮಾಡಿದ ಫೈಲ್ ಮೊದಲು ಟ್ರ್ಯಾಶ್‌ಗೆ ಹೋಗುತ್ತದೆ. ಅಲ್ಲಿರುವವರೆಗೆ, ನೀವು ಯಾರಿಗೆ ಹಂಚಿದ್ದಿರೋ ಅವರು ಅದನ್ನು ನೋಡಬಹುದು. 30 ದಿನ ಕಳೆದ ಮೇಲೆ ಅದು ತಾನಾಗಿ ಪೂರ್ತಿ ಅಳಿಯುತ್ತದೆ, ಲಿಂಕ್ ಅಲ್ಲಿಗೆ ಸತ್ತಂತೆ. 2020ರ ಅಕ್ಟೋಬರ್ 13ರಿಂದ ಈ ನಿಯಮ ಜಾರಿಯಲ್ಲಿದೆ. ಅದಕ್ಕೂ ಮೊದಲು ನಾವಾಗಿ ಖಾಲಿ ಮಾಡುವವರೆಗೂ ಟ್ರ್ಯಾಶ್‌ನಲ್ಲಿ ಫೈಲುಗಳು ಬಿದ್ದಿರುತ್ತಿದ್ದವು. ನೀವು ಹೊಸದಾಗಿ ಹಾಕಿದ ತಿದ್ದಿದ ಟಿಪ್ಪಣಿಗೆ ಬೇರೆಯದೇ ವಿಳಾಸ ಸಿಗುತ್ತದೆ. ಮಕ್ಕಳು ಮಾತ್ರ ತಿಂಗಳಿಡೀ ಹಳೆಯ ತಪ್ಪುಳ್ಳ ಟಿಪ್ಪಣಿಯನ್ನೇ ಓದಿ, ಕೊನೆಗೆ ‘ಫೈಲ್ ಇಲ್ಲ’ ಎಂಬ ಪುಟ ನೋಡುತ್ತಾರೆ. ಲಿಂಕ್ ಸತ್ತದ್ದಕ್ಕಿಂತ ನನಗೆ ಹೆಚ್ಚು ಬೇಸರದ ಸಂಗತಿ ಅದು. ಇನ್ನು ಮುಂದೆ ಡಿಲೀಟ್ ಮಾಡಬೇಡಿ. ಕಂಪ್ಯೂಟರಿನಲ್ಲಿ ಡ್ರೈವ್ ತೆರೆದು, ಆ ಪಿಡಿಎಫ್‌ನ ಮೂರು ಚುಕ್ಕಿಯಲ್ಲಿ ‘ಫೈಲ್ ಇನ್ಫರ್ಮೇಶನ್’, ಅದರೊಳಗೆ ‘ಮ್ಯಾನೇಜ್ ವರ್ಶನ್ಸ್’ಗೆ ಹೋಗಿ ತಿದ್ದಿದ ಪ್ರತಿಯನ್ನು ಅಪ್‌ಲೋಡ್ ಮಾಡಿ. ವಿಳಾಸ ಅದೇ, ಅನುಮತಿ ಅದೇ, ಒಳಗಿನ ಟಿಪ್ಪಣಿ ಮಾತ್ರ ಹೊಸದು. ಹಿಂದಿನ ಪ್ರತಿಯೂ 30 ದಿನ ಅಲ್ಲೇ ಇರುತ್ತದೆ, ಬೇಕೆನಿಸಿದರೆ ಇಳಿಸಿಕೊಳ್ಳಬಹುದು.

ಮಕ್ಕಳು ‘ಓಪನ್ ಆಗ್ತಿಲ್ಲ ಮಿಸ್’ ಎಂದಾಗ ಪರದೆಯ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ, ಅರ್ಧ ಕೆಲಸ ಮುಗಿದಂತೆ. ‘ಯು ನೀಡ್ ಆ್ಯಕ್ಸೆಸ್’ ಎಂದಿದ್ದರೆ ಅನುಮತಿಯ ತೊಂದರೆ. ಫೈಲ್ ‘ಡಸ್ ನಾಟ್ ಎಕ್ಸಿಸ್ಟ್’ ಎಂದಿದ್ದರೆ ಒಂದೋ ಅಳಿದಿದೆ, ಇಲ್ಲವೇ ಲಿಂಕ್ ಅರ್ಧಕ್ಕೆ ತುಂಡಾಗಿದೆ. ‘ಟೂ ಮೆನಿ ಯೂಸರ್ಸ್’ ಎಂದಿದ್ದರೆ ಒಂದೇ ಹೊತ್ತಿಗೆ ಬಹಳ ಜನ ಇಳಿಸಿಕೊಂಡಿದ್ದಾರೆ, ದೊಡ್ಡ ವಿಡಿಯೊಗಳಿಗೆ ಹೀಗಾಗುವುದುಂಟು. ಅದು ಸರಿಹೋಗಲು 24 ಗಂಟೆಯವರೆಗೂ ಹಿಡಿಯಬಹುದು. ನಾಳೆ ಪರೀಕ್ಷೆಯೆಂದರೆ ಕಾಯಬೇಡಿ, ಫೈಲನ್ನೇ ನೇರವಾಗಿ ಗ್ರೂಪಿಗೆ ಹಾಕಿ.

ಲಿಂಕ್ ತುಂಡಾಗುವುದು ಹೇಗೆಂದು ಕೇಳಬಹುದು. ಲಿಂಕಿನ ಬೆನ್ನಿಗೇ ಜಾಗ ಬಿಡದೆ ‘ನೋಡಿ ಮಕ್ಕಳೇ’ ಎಂದು ಬರೆದರೆ ಕೆಲವು ಫೋನುಗಳು ಆ ಅಕ್ಷರಗಳನ್ನೂ ಲಿಂಕಿನ ಭಾಗವೆಂದೇ ಹಿಡಿಯುತ್ತವೆ. ಲಿಂಕನ್ನು ಯಾವಾಗಲೂ ಬೇರೆ ಸಾಲಿನಲ್ಲಿ ಒಂಟಿಯಾಗಿ ಹಾಕಿ. ಕಪ್ಪುಹಲಗೆಯ ಮೇಲೆ ಬರೆದು ನಕಲು ಮಾಡಿಸುವುದಂತೂ ಬೇಡ, ದೊಡ್ಡಕ್ಷರ ಸಣ್ಣಕ್ಷರ ಒಂದು ತಪ್ಪಿದರೂ ತೆರೆಯುವುದಿಲ್ಲ. ಸೂಚನಾ ಫಲಕಕ್ಕೆ ಕ್ಯೂಆರ್ ಕೋಡ್ ಒಳ್ಳೆಯದು. ಆದರೆ ‘ಡೈನಮಿಕ್’ ಎಂಬ ಬಗೆಯ ಕೋಡ್ ಬೇಡ. ಅದು ಮಧ್ಯದಲ್ಲಿ ಕೋಡ್ ಮಾಡಿಕೊಟ್ಟ ಜಾಲತಾಣದ ಮೂಲಕವೇ ಹಾದುಹೋಗುತ್ತದೆ, ಉಚಿತ ಅವಧಿ ಮುಗಿಸಿ ಅವರು ನಿಲ್ಲಿಸಿದ ದಿನ ನಿಮ್ಮ ಕೋಡ್ ಕೆಲಸಕ್ಕೆ ಬಾರದು.

ಓಪನ್ ಬಿಟ್ಟರೆ ಬ್ಯಾಂಕಿನ ದುಡ್ಡಿಗೆ ಸಂಚಕಾರ ಎಂಬ ಭಯಕ್ಕೆ ಆಧಾರವಿಲ್ಲ. ನೀವು ಒಂದು ಫೈಲನ್ನು ‘ವ್ಯೂವರ್’ ಆಗಿ ಓಪನ್ ಮಾಡಿದರೆ ಕಾಣುವುದು ಆ ಫೈಲ್ ಮಾತ್ರ. ಮಾಲೀಕರು ಯಾರೆಂದು ನಿಮ್ಮ ಹೆಸರು, ಮೇಲ್ ವಿಳಾಸ ಕಾಣಬಹುದು, ಅಷ್ಟೇ. ನಿಮ್ಮ ಬೇರೆ ಫೈಲುಗಳಿಗಾಗಲೀ ಮೇಲ್‌ಗಾಗಲೀ ಪಾಸ್‌ವರ್ಡ್‌ಗಾಗಲೀ ಅದರಿಂದ ದಾರಿಯಿಲ್ಲ. ಆ ಕ್ಯಾಪಿಬರಾ ಕೂಡ ಹ್ಯಾಕರ್ ಅಲ್ಲ. ಓಪನ್ ಇರುವ ಗೂಗಲ್ ಡಾಕ್ಸ್ ಫೈಲನ್ನು ಲಾಗಿನ್ ಆಗದೆ ತೆರೆದವರಿಗೆ ಗೂಗಲ್ ಹೀಗೆ ಯಾವುದಾದರೂ ಪ್ರಾಣಿಯ ಹೆಸರು ಕೊಡುತ್ತದೆ. ಅದು ನಿಮ್ಮ ಯಾವುದೋ ವಿದ್ಯಾರ್ಥಿಯೇ ಇರಬೇಕು.

ನಿಜವಾದ ಅಪಾಯ ಬೇರೆ ಕಡೆ ಇದೆ. ಒಂದು, ‘ವ್ಯೂವರ್’ ಬದಲು ‘ಎಡಿಟರ್’ ಎಂದಿಟ್ಟು ಓಪನ್ ಮಾಡುವುದು. ಆಗ ಲಿಂಕ್ ಸಿಕ್ಕವರು ನಿಮ್ಮ ಡಾಕ್ಸ್ ಫೈಲನ್ನು ತಿದ್ದಬಹುದು, ನಿಮ್ಮ ಫೋಲ್ಡರಿಗೆ ಏನನ್ನಾದರೂ ತಂದು ಹಾಕಬಹುದು. ಪ್ರಶ್ನೆಪತ್ರಿಕೆ ತಯಾರಿಸುವಾಗ ಜೊತೆಯ ಶಿಕ್ಷಕರಿಗೆ ಎಡಿಟರ್ ಕೊಡುವುದಿದ್ದರೆ ಅವರವರ ಮೇಲ್ ವಿಳಾಸ ಹಾಕಿಯೇ ಕೊಡಿ. ಎಡಿಟರ್‌ಗಳು ಬೇರೆಯವರಿಗೂ ಹಂಚಬಹುದು ಎಂಬ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಟಿಕ್ ಆಗಿರುತ್ತದೆ, ಅದನ್ನು ತೆಗೆದುಹಾಕಿ. ಎರಡು, ಡ್ರೈವ್‌ನ ಹೆಸರಿನಲ್ಲಿ ಬರುವ ಮೋಸದ ಲಿಂಕುಗಳು. 2017ರ ಮೇ 3ರಂದು ‘ಗೂಗಲ್ ಡಾಕ್ಸ್’ ಎಂದೇ ಹೆಸರಿಟ್ಟುಕೊಂಡ ನಕಲಿ ಆ್ಯಪ್ ಒಂದು, ಯಾರೋ ಫೈಲ್ ಹಂಚಿದ್ದಾರೆ ಎಂಬ ಮೇಲ್ ಮೂಲಕ ಜಗತ್ತಿನಾದ್ಯಂತ ಹರಡಿತ್ತು. ಒಪ್ಪಿಗೆ ಕೊಟ್ಟವರ ಪರಿಚಯದವರಿಗೆಲ್ಲ ಅದೇ ಮೇಲ್ ಮತ್ತೆ ಹೋಗುತ್ತಿತ್ತು. ಫೈಲ್ ತೋರಿಸಲು ನಿಮ್ಮ ಪಾಸ್‌ವರ್ಡನ್ನೋ ಒಟಿಪಿಯನ್ನೋ ಕೇಳುವ ಪುಟ ಬಂದರೆ, ಆ್ಯಪ್ ಇನ್‌ಸ್ಟಾಲ್ ಮಾಡು ಎಂದರೆ, ಅಲ್ಲೇ ಮುಚ್ಚಿಬಿಡಿ ಎಂದು ಮಕ್ಕಳಿಗೂ ಪೋಷಕರಿಗೂ ಹೇಳಿಕೊಡಿ. ಲಿಂಕ್ ಕಳಿಸುವವರಲ್ಲಿ ಅವರು ಹೆಚ್ಚು ನಂಬುವುದು ಶಿಕ್ಷಕರನ್ನೇ.

ಹಾಗಾದರೆ ಎಲ್ಲವನ್ನೂ ಓಪನ್ ಬಿಡಬಹುದೇ? ಬೇಡ. ಟಿಪ್ಪಣಿ, ನಕ್ಷೆ, ಮುಗಿದುಹೋದ ಪ್ರಶ್ನೆಪತ್ರಿಕೆಗಳಿಗೆ ಒಂದೇ ಓಪನ್ ಫೋಲ್ಡರ್ ಸಾಕು, ‘ವ್ಯೂವರ್’ ಮಾತ್ರ. ಇದರಲ್ಲಿರುವ ತೊಂದರೆಯೆಂದರೆ ಲಿಂಕ್ ಎಲ್ಲಿಗೆ ಬೇಕಾದರೂ ಹೋಗಬಹುದು, ನಿಮ್ಮ ಟಿಪ್ಪಣಿ ಬೇರೊಬ್ಬರ ಹೆಸರಿನಲ್ಲಿ ತಿರುಗಬಹುದು. ಆಮೇಲೆ ರಿಸ್ಟ್ರಿಕ್ಟೆಡ್ ಮಾಡಿದರೂ ಆಗಲೇ ಇಳಿಸಿಕೊಂಡವರ ಕೈಯಲ್ಲಿರುವ ಪ್ರತಿ ವಾಪಸ್ ಬರುವುದಿಲ್ಲ. ಡೌನ್‌ಲೋಡ್ ತಡೆಯುವ ಆಯ್ಕೆಯಿದೆ, ಸ್ಕ್ರೀನ್‌ಶಾಟ್ ತಡೆಯಲು ಅದಕ್ಕಾಗದು. ಮಕ್ಕಳ ಟಿಪ್ಪಣಿಗೆ ಆ ತಡೆ ಹಾಕಬೇಡಿ ಎಂದೇ ನನ್ನ ಸಲಹೆ. ಊರಿನಲ್ಲಿ ನೆಟ್‌ವರ್ಕ್ ಸಿಗದ ಮಗು ಒಮ್ಮೆ ಇಳಿಸಿಕೊಂಡು ಓದಲಿ. ಅದೇ ಕಾರಣಕ್ಕೆ, ನಾಲ್ಕಾರು ಪುಟದ ಪಿಡಿಎಫ್ ಆದರೆ ಲಿಂಕಿನ ಗೊಡವೆಯೇ ಬೇಡ, ಫೈಲನ್ನೇ ವಾಟ್ಸಾಪ್‌ಗೆ ಹಾಕುವುದು ಎಷ್ಟೋ ವಾಸಿ. ತಿದ್ದುಪಡಿ ಇದ್ದರೆ ಮತ್ತೆ ಕಳಿಸಬೇಕಾಗುತ್ತದೆ, ಆದ್ದರಿಂದ ಫೈಲಿನ ಹೆಸರಿನಲ್ಲೇ ದಿನಾಂಕ ಬರೆಯಿರಿ.

ಅಂಕಪಟ್ಟಿ ರಿಸ್ಟ್ರಿಕ್ಟೆಡ್ ಇರಲಿ, ಮುಖ್ಯ ಶಿಕ್ಷಕರ ಮೇಲ್ ವಿಳಾಸ ಒಂದನ್ನು ಸೇರಿಸಿ ಸಾಕು. ಆಧಾರ್ ಪ್ರತಿಗಳನ್ನು ಅರ್ಜಿಯ ಕೆಲಸ ಮುಗಿದ ಮೇಲೆ ಡ್ರೈವ್‌ನಿಂದ ತೆಗೆದುಬಿಡಿ, ಟ್ರ್ಯಾಶ್‌ನಿಂದಲೂ ತೆಗೆಯಿರಿ. ಪೂರ್ತಿ ಸಂಖ್ಯೆ ಬೇಕಿಲ್ಲದ ಕಡೆ ಮೊದಲ 8 ಅಂಕಿ ಮರೆಯಾಗಿರುವ ‘ಮಾಸ್ಕ್ಡ್ ಆಧಾರ್’ ಕೇಳಿ, ಅದು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ಅದು. ಇಡೀ ತರಗತಿಯ ಆಧಾರ್ ಒಬ್ಬ ಶಿಕ್ಷಕಿಯ ಸ್ವಂತ ಖಾತೆಯಲ್ಲಿ ಇರಬಾರದು. ಅದು ನಿಮಗೂ ಹೊರೆ.

ಸ್ಟೋರೇಜ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೊಸ್ ಮೂರೂ ಹಂಚಿಕೊಳ್ಳುತ್ತವೆ. ಈಗ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಅದರಲ್ಲೇ ಲೆಕ್ಕ. ಶಾಲಾ ಗ್ರೂಪುಗಳ ಗುಡ್ ಮಾರ್ನಿಂಗ್ ವಿಡಿಯೊಗಳೇ ನಿಮ್ಮ ಜಾಗ ತಿನ್ನುತ್ತಿರುವ ಸಾಧ್ಯತೆ ಹೆಚ್ಚು. ವಾಟ್ಸಾಪ್ ಸೆಟ್ಟಿಂಗ್ಸ್‌ನ ‘ಚಾಟ್ ಬ್ಯಾಕಪ್’ನಲ್ಲಿ ವಿಡಿಯೊ ಸೇರಿಸುವ ಆಯ್ಕೆಯನ್ನು ನಿಲ್ಲಿಸಿ. ಜಾಗ ತುಂಬಿದರೆ ಹಂಚಿದ ಲಿಂಕುಗಳು ಆ ಕ್ಷಣಕ್ಕೇನೂ ಸಾಯುವುದಿಲ್ಲ, ಆದರೆ ಹೊಸ ಫೈಲ್ ಹಾಕಲಾಗುವುದಿಲ್ಲ, ಮೇಲ್ ಬರುವುದೂ ನಿಲ್ಲುತ್ತದೆ.

ಇನ್ನು ಹಿರಿಯ ಶಿಕ್ಷಕರ ಪ್ರಶ್ನೆಕೋಠಿ. ನೀವು ಅದನ್ನು ‘ಸೇರಿಸಿಕೊಂಡಿದ್ದೆ’ ಎಂದಿರಿ. ಡ್ರೈವ್‌ನಲ್ಲಿ ‘ಆ್ಯಡ್ ಶಾರ್ಟ್‌ಕಟ್’ ಒತ್ತಿದರೆ ನಿಮ್ಮಲ್ಲಿಗೆ ಫೈಲ್ ಬರುವುದಿಲ್ಲ, ಅದರತ್ತ ಬೆರಳು ತೋರಿಸುವ ಗುರುತು ಮಾತ್ರ ಬರುತ್ತದೆ. ಫೈಲಿನ ಒಡೆತನ ಅವರ ಖಾತೆಯಲ್ಲೇ ಇರುತ್ತದೆ. ಅವರು ಅಳಿಸಿದರೆ, ಅಥವಾ ಖಾತೆಯೇ ಹೋದರೆ ನಿಮ್ಮದೂ ಹೋಯಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ. ನಿವೃತ್ತಿಯ ನಂತರ ಫೋನ್ ಬದಲಿಸಿ, ಹಳೆಯ ಖಾತೆ ಮರೆತವರಿಗೆ ಇದು ಆಗುವುದುಂಟು. ತಡಮಾಡದೆ ಅವರಿಗೊಂದು ಫೋನ್ ಮಾಡಿ. ಖಾತೆ ಇನ್ನೂ ಇದ್ದು ಫೈಲ್ ಟ್ರ್ಯಾಶ್‌ನಲ್ಲಿದ್ದರೆ ‘ರಿಸ್ಟೋರ್’ ಒತ್ತಿದರೆ ಮುಗಿಯಿತು, ನಿಮ್ಮ ಹಳೆಯ ಲಿಂಕೇ ತೆರೆಯುತ್ತದೆ. ಅನುಮತಿ ತಪ್ಪಿದ್ದರೆ ಅವರೇ ಮತ್ತೆ ಕೊಡಬಲ್ಲರು. ಪೂರ್ತಿ ಅಳಿದಿದ್ದರೆ ಹಿಂದೆ ಇಳಿಸಿಕೊಂಡ ಮಕ್ಕಳ, ಶಿಕ್ಷಕರ ಫೋನುಗಳಲ್ಲಿ ಹುಡುಕಬೇಕು. ಸಿಕ್ಕ ಕೂಡಲೇ ‘ಮೇಕ್ ಅ ಕಾಪಿ’ ಮಾಡಿ ನಿಮ್ಮದಾಗಿಸಿಕೊಳ್ಳಿ.

ವೈಯಕ್ತಿಕ ಖಾತೆಗಳ ನಡುವೆ ಒಡೆತನವನ್ನೇ ವರ್ಗಾಯಿಸಲೂ ಬಹುದು. ಮೇಲ್‌ಗೆ ಬರುವ ಕೋರಿಕೆಯನ್ನು ಪಡೆಯುವವರು ಒಪ್ಪಬೇಕು. ಫೋಲ್ಡರ್ ವರ್ಗಾಯಿಸಿದರೆ ಒಳಗಿನ ಫೈಲುಗಳು ಜೊತೆಗೆ ಬರುವುದಿಲ್ಲ, ಫೈಲುಗಳನ್ನೂ ಆಯ್ದು ವರ್ಗಾಯಿಸಬೇಕು. ಇದು ತಿಳಿಯದೆ ಬರೀ ಖಾಲಿ ಫೋಲ್ಡರಿನ ಒಡೆಯರಾದವರನ್ನು ಕಂಡಿದ್ದೇನೆ. ನೀವೂ ಮುಂದೆ ವರ್ಗಾವಣೆಯಾಗಬಹುದು. ಶಾಲೆಯ ಹೆಸರಿನಲ್ಲೊಂದು ಖಾತೆ ಮಾಡಿ ಟಿಪ್ಪಣಿಗಳನ್ನು ಅದರಲ್ಲಿಡುವುದು ಮೇಲು. ಅದಕ್ಕೆ ಎರಡು ಹಂತದ ಭದ್ರತೆ ಹಾಕಿ. ಒಟಿಪಿ ಒಬ್ಬರ ಫೋನಿಗೆ ಹೋಗುವಂತಿದ್ದರೆ ಅವರು ವರ್ಗವಾದ ದಿನ ಶಾಲೆ ಹೊರಗುಳಿಯುತ್ತದೆ. ಆದ್ದರಿಂದ ಗೂಗಲ್ ಕೊಡುವ 10 ಬ್ಯಾಕಪ್ ಕೋಡುಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಹಾಕಿ ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು, ಏಕೆಂದರೆ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇದನ್ನೂ ‘ಲಿಂಕ್ ಕೆಟ್ಟಿದೆ’ ಎಂದೇ ಹೇಳುತ್ತಾರೆ. ಫೈಲ್ ತೆರೆಯುತ್ತದೆ, ಆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದಾಗ ಹೀಗಾಗುತ್ತದೆ. ಅದನ್ನು ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಹಾಕಿ, ಇಲ್ಲವೇ ಪರಿವರ್ತಕ ಬಳಸಿ ಯುನಿಕೋಡ್‌ಗೆ ಬದಲಿಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ.

ಎಲ್ಲ ಸರಿಮಾಡಿದ ಮೇಲೆ ಗ್ರೂಪಿಗೆ ಹಾಕುವ ಮುನ್ನ ಲಿಂಕನ್ನು ನೀವೇ ಪರೀಕ್ಷಿಸಿ. ನಿಮ್ಮ ಖಾತೆಯಲ್ಲಿ ನೋಡಿ ಪ್ರಯೋಜನವಿಲ್ಲ, ಮಾಲೀಕರಿಗೆ ಯಾವಾಗಲೂ ತೆರೆಯುತ್ತದೆ. ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ನ್ಯೂ ಇನ್‌ಕಾಗ್ನಿಟೊ ಟ್ಯಾಬ್’ ತೆರೆದು ಲಿಂಕನ್ನು ಅಲ್ಲಿ ಅಂಟಿಸಿ. ಅಲ್ಲಿ ನೀವು ಲಾಗಿನ್ ಆಗಿರುವುದಿಲ್ಲ, ಹಾಗಾಗಿ ನಿಮ್ಮ ಮಕ್ಕಳಿಗೆ ಕಾಣುವಂತೆಯೇ ನಿಮಗೂ ಕಾಣುತ್ತದೆ. ಟಿಪ್ಪಣಿಯ ಲಿಂಕ್ ತೆರೆಯಬೇಕು, ಅಂಕಪಟ್ಟಿಯ ಲಿಂಕ್ ತೆರೆಯಬಾರದು. ಎರಡನ್ನೂ ನೋಡಿ.